ನೀಲಿ ಚುಕ್ಕೆ



ಪುಣೆಯಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಅನೇಕರು ಜಾರ್ಜ್ ಆರ್ವೆಲ್‌ನ ‘ನೈಂಟೀನ್ ಎಯ್ಟಿ-ಫೋರ್’ ಕಾದಂಬರಿ ಓದಿರುತ್ತೀರಿ. 1949ರಲ್ಲಿ ಪ್ರಕಟವಾದದ್ದು. ಬರೆದವನು ಹುಟ್ಟಿದ್ದು 1903ರಲ್ಲಿ, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಧಾರವಾಡದಲ್ಲಿ ಬಿ.ಎ. ಮಾಡುವಾಗ ನಾನು ಅದನ್ನು ಓದಿದೆ. ಆಗ ನಮ್ಮ ಮನೆಯಲ್ಲಿ ಫೋನೂ ಇರಲಿಲ್ಲ. ಗೋಡೆಯ ಮೇಲಿನ ಪರದೆಯೊಂದು ಮನೆಯವರನ್ನು ಹಗಲೂ ರಾತ್ರಿ ನೋಡುತ್ತದೆ ಎಂಬುದು ಮಾಯಾಮಂತ್ರದ ಕತೆಯ ಹಾಗೆ ಕಂಡಿತ್ತು.

ಈಗ ನಮ್ಮ ಸೊಸೈಟಿಯ ಗೇಟಿನಲ್ಲಿ, ಲಿಫ್ಟಿನಲ್ಲಿ ಕ್ಯಾಮೆರಾ ಇದೆ. ಕೊರಿಯರಿನವನು ಬಂದರೆ, ಕೆಲಸದ ಬಾಯಿ ಬಂದರೆ ನನ್ನ ಫೋನಿಗೆ ಸುದ್ದಿ ಬರುತ್ತದೆ. ನಿಜ ಹೇಳಬೇಕೆಂದರೆ ಅದರಿಂದ ನನಗೆ ಅನುಕೂಲವೇ ಆಗಿದೆ. (ಪಾಪ, ಆ ಬಾಯಿ ಬಂದ ಹೊತ್ತು, ಹೋದ ಹೊತ್ತು ದಾಖಲಾಗುತ್ತದೆ. ನಮ್ಮದನ್ನು ಯಾರು ಕೇಳುತ್ತಾರೆ?)

ಆದರೆ ನಾನು ಹೇಳಹೊರಟದ್ದು ಬೇರೆ. ಮಗಳು ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದಾಗ ಅವಳು ಮನೆಗೆ ಬರುವುದು ರಾತ್ರಿಯಾಗುತ್ತಿತ್ತು. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಅವಳ ಫೋನಿನ ಲೊಕೇಶನ್ ನನಗೆ ಕಾಣುವ ಹಾಗೆ ಮಾಡಿಕೊಂಡೆ. ಅವಳಿಗೆ ಹೇಳಲಿಲ್ಲ. ಒಗ್ಗರಣೆ ಹಾಕುತ್ತಲೂ ಆ ನೀಲಿ ಚುಕ್ಕೆ ನೋಡುವುದು ರೂಢಿಯಾಯಿತು. ಒಂದು ಸಂಜೆ ಫೋನಿನಲ್ಲಿ, “ಆಫೀಸಿನಾಗ ಇದ್ದೀನಿ” ಎಂದಳು. ಚುಕ್ಕೆ ಫರ್ಗ್ಯುಸನ್ ರಸ್ತೆಯಲ್ಲಿ ನಿಂತಿತ್ತು. ಮನೆಗೆ ಬಂದ ಕೂಡಲೇ, “ಅಲ್ಲೆಂಥಾ ಆಫೀಸು?” ಎಂದು ಕೇಳಿಬಿಟ್ಟೆ.

ಅವಳು ಕೂಗಾಡಲಿಲ್ಲ. ಅಪ್ಪಾ ಬಳವಂತ ಚೌಕದಲ್ಲಿ ನಾನೇ ಕೊಂಡು ಕೊಟ್ಟಿದ್ದ ಪುಸ್ತಕವನ್ನು ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟು, “ಅಮ್ಮಾ, ಇದನ್ನ ಓದು ಅಂದಾಕಿ ನೀನs ಅಲ್ಲೇನು?” ಎಂದು ಒಳಗೆ ಹೋದಳು.

ಆ ರಾತ್ರಿ ಮತ್ತೆ ಓದಿದೆ. ಅದರಲ್ಲಿ ಪಾರ್ಸನ್ಸ್ ಎಂಬ ನೆರೆಮನೆಯವನು ನಿದ್ದೆಯಲ್ಲಿ ಏನೋ ಬಡಬಡಿಸಿದ್ದಕ್ಕೆ ಏಳು ವರ್ಷದ ಮಗಳೇ ಅವನನ್ನು ಹಿಡಿದುಕೊಡುತ್ತಾಳೆ. ಜೈಲಿನಲ್ಲಿ ಅವನು ಮಗಳ ಬಗ್ಗೆ ಹೆಮ್ಮೆಪಡುತ್ತಾನೆ! ನಮ್ಮ ಮನೆಯಲ್ಲಿ ತಿರುವುಮುರುವು, ತಾಯಿಯೇ ಗೂಢಚಾರಳು. ಆರ್ವೆಲ್ ಆ ಸರ್ವಾಧಿಕಾರಿಗೆ ದೊರೆ ಎಂದು ಹೆಸರಿಡಲಿಲ್ಲ, ಅಣ್ಣ ಎಂದಿಟ್ಟ. ಯಾಕೆಂದು ಬಿ.ಎ. ಓದುವಾಗ ನನಗೆ ಹೊಳೆದಿರಲಿಲ್ಲ.

ನಮ್ಮವರೊಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅಂದಿನ ಪತ್ರಿಕೆ ಕತ್ತರಿಸಿ ಮಗಳಿಗೆ ಹೆಮ್ಮೆಯಿಂದ ತೋರಿಸಿದವಳೂ ನಾನೇ. ಸರ್ಕಾರಕ್ಕೆ ಕೋರ್ಟು ಕೇಳಬಹುದು, ತಾಯಿಯನ್ನು ಯಾರು ಕೇಳಬೇಕು?

ಕಾದಂಬರಿಯ ನಾಯಕನ ಮನೆಯಲ್ಲಿ ಪರದೆಯ ಕಣ್ಣಿಗೆ ಬೀಳದ ಒಂದು ಸಣ್ಣ ಮೂಲೆ ಇರುತ್ತದೆ. ಅವನು ಅಲ್ಲಿ ಕೂತು ಡೈರಿ ಬರೆಯುತ್ತಾನೆ. ಮರುದಿನ ಬೆಳಿಗ್ಗೆ ಮಗಳ ಎದುರಿಗೇ ಆ ನೀಲಿ ಚುಕ್ಕೆಯನ್ನು ತೆಗೆಸಿದೆ. ಮೊದಲ ವಾರ ಕೈ ಚಡಪಡಿಸಿತು, ದೇವರಾಣೆ. ಈಗ ಅವಳೇ ಫೋನು ಮಾಡುತ್ತಾಳೆ, “ಅಮ್ಮಾ, ಹೊಂಟೀನಿ.” ಮೊನ್ನೆ ಎಲ್ಲಿಂದ ಎಂದು ಕೇಳಿದೆ. “ಹೇಳಂಗಿಲ್ಲ” ಎಂದು ನಕ್ಕಳು. ನಾನು ಕುಕ್ಕರ್ ಇಡಲು ಎದ್ದೆ.