ಗೋಡೆ ನಮ್ಮದು, ಬರಹ ಯಾರದು?

ಮನೆಯ ಒಳಗೆ ಏನಾದರೂ ಅದಕ್ಕೆ ಹೆಂಗಸೇ ಹೊಣೆ ಎನ್ನುತ್ತಾರೆ. ಮನೆಯ ಹೊರಗೋಡೆಗೆ ಮಾತ್ರ ಯಾರೂ ಹೊಣೆಯಲ್ಲ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಅಂಟಿಸಬಹುದು, ಮೊಳೆ ಹೊಡೆಯಬಹುದು. ಚುನಾವಣೆ ಬಂದರೆ ಚಿಹ್ನೆ, ಜಾತ್ರೆ ಬಂದರೆ ಭಿತ್ತಿಪತ್ರ, ಉಳಿದ ದಿನಗಳಲ್ಲಿ ಟ್ಯೂಷನ್ನಿನವರ ಮತ್ತು ಮೂಲವ್ಯಾಧಿ ವೈದ್ಯರ ಚೀಟಿಗಳು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು ಬಂದವಳು ತಲೆಯೆತ್ತಿ ನೋಡಿದರೆ, ನಮ್ಮ ಕಾಂಪೌಂಡೇ ನಮಗೊಂದು ಹೊಸ ಸುದ್ದಿ ಹೇಳುತ್ತಿರುತ್ತದೆ.

ಹಾಗೆಂದು ಗೋಡೆಬರಹವೆಲ್ಲ ಕೆಟ್ಟದ್ದಲ್ಲ. ಪೋಲಿಯೊ ಹನಿ ಹಾಕುವವರು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗುರುತು ಮಾಡಿ ಹೋಗುತ್ತಿದ್ದರು. ಆ ಮನೆಯ ಮಗುವಿಗೆ ಹನಿ ಬಿದ್ದಿದೆ ಎಂಬುದಕ್ಕೆ ಅದೇ ಸಾಕ್ಷಿ. 2010ರಲ್ಲಿ ಜನಗಣತಿಗೆಂದು ಮನೆಪಟ್ಟಿ ಮಾಡುವಾಗ, ಮೇಷ್ಟರುಗಳಿಗೂ ಮೇಡಂಗಳಿಗೂ ಎಂದಿನಂತೆ ಆ ಕೆಲಸ ಬಂತು. ಮನೆಮನೆಯ ಗೋಡೆಗೆ ನಂಬರು ಬರೆದವರಲ್ಲಿ ನಾನೂ ಒಬ್ಬಳು. ಕೈಯಲ್ಲಿ ಸರ್ಕಾರದ ಆದೇಶವಿದ್ದರೂ "ಅಮ್ಮಾ, ಇಲ್ಲಿ ಬರೆಯಲೇ?" ಎಂದು ಕೇಳಿಯೇ ಬರೆಯುತ್ತಿದ್ದೆವು. ಹೊಸದಾಗಿ ಬಣ್ಣ ಹೊಡೆಸಿದವರು "ಸ್ವಲ್ಪ ಕೆಳಗೆ ಬರೀರಿ" ಎಂದರೆ ಕೆಳಗೆ ಬರೆಯುತ್ತಿದ್ದೆವು.

ಇನ್ನೊಂದು ಬರಹ ನಿಮಗೂ ನೆನಪಿರಬೇಕು. 1990ರ ದಶಕದಲ್ಲಿ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದುಕೊಂಡರು. ದೆವ್ವವೊಂದು ರಾತ್ರಿ ಬಂದು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆಯಂತೆ. ಬಾಗಿಲ ಮೇಲಿನ ಅಕ್ಷರ ಓದಿ, ನಾಳೆ ಬರೋಣವೆಂದು ತಿರುಗಿ ಹೋಗುತ್ತದೆಯಂತೆ. ಓದು ಬರಹ ಬಲ್ಲ ದೆವ್ವ! ಆಗ ನಕ್ಕಿದ್ದೆ. ಈಗ ನಮ್ಮ ಬೀದಿಗೆ ಬರುವವರನ್ನು ನೋಡಿದರೆ, ಆ ದೆವ್ವವೇ ಮರ್ಯಾದಸ್ಥ ಎನಿಸುತ್ತದೆ.

ನಾನು ಹೇಳುತ್ತಿರುವುದು ಮನೆ, ಸೈಟು ಮಾರಿಸುವ ಬ್ರೋಕರುಗಳ ಬೋರ್ಡಿನ ವಿಚಾರ. ನಾವಿರುವುದು ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿ. ಇಲ್ಲಿಯ ಹೊಂಗೆ ಮರಗಳಿಗೆ ಹೂವಿಗಿಂತ ತಗಡೇ ಹೆಚ್ಚು. "30x40 ಸೈಟುಗಳು, ಡಿಸಿ ಕನ್ವರ್ಷನ್ ಆಗಿದೆ, ಬ್ಯಾಂಕ್ ಸಾಲ ಲಭ್ಯ, ರಿಂಗ್ ರೋಡಿಗೆ ಐದೇ ನಿಮಿಷ." ಆ ಐದು ನಿಮಿಷವನ್ನು ಯಾವ ವಾಹನದಲ್ಲಿ ಕುಳಿತು ಲೆಕ್ಕ ಹಾಕಿದರೋ ದೇವರೇ ಬಲ್ಲ. ಲೇಔಟುಗಳ ಇಂಥ ಜಾಹೀರಾತಿಗೂ ನಿಯಮವಿದೆ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಣಿಯಾಗಬೇಕಾದ ಯೋಜನೆಯ ಜಾಹೀರಾತಿನಲ್ಲಿ ಅದರ ನೋಂದಣಿ ಸಂಖ್ಯೆ ಇರಲೇಬೇಕು. ಮರದ ಮೇಲಿನ ತಗಡಿನಲ್ಲಿ ನಾನು ಕಂಡದ್ದು ಮೊಬೈಲ್ ಸಂಖ್ಯೆ ಮಾತ್ರ.

ಸೈಟಿನ ಬೋರ್ಡು ಕಣ್ಣಿಗೆ ಕಿರಿಕಿರಿ, ಅಷ್ಟೇ. "ಮನೆ ಮಾರಾಟಕ್ಕಿದೆ" ಎಂಬ ಬೋರ್ಡು ಹಾಗಲ್ಲ. ಅದು ಮನೆಯವರ ದನಿಯಲ್ಲೇ ಮಾತಾಡುತ್ತದೆ.

ನಮ್ಮ ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರೇ ಇದ್ದಾರೆ. ಯಜಮಾನರು ಹೋಗಿ ಕೆಲವು ವರ್ಷಗಳಾದವು. ಒಬ್ಬನೇ ಮಗ, ಅಮೆರಿಕದಲ್ಲಿ. ಒಂದು ಬೆಳಿಗ್ಗೆ ಅವರ ಗೇಟಿಗೆ ತಂತಿ ಸುತ್ತಿ ಬಿಗಿದ ಬೋರ್ಡು: "ಮನೆ ಮಾರಾಟಕ್ಕಿದೆ, ಸಂಪರ್ಕಿಸಿ." ಅಮ್ಮ ಕನ್ನಡಕ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಬೀದಿಯೆಲ್ಲ ಓದಿ ಮುಗಿಸಿತ್ತು.

ಹಾಲಿನವನು "ಮುಂದಿನ ತಿಂಗಳಿಂದ ಹಾಲು ಹಾಕೋದೋ ಬೇಡ್ವೋ ಅಮ್ಮಾ?" ಎಂದ. ಹೂವಿನವಳು ಲೆಕ್ಕ ಚುಕ್ತಾ ಮಾಡಿಬಿಡಿ ಎಂದಳು. ಮನೆಗೆಲಸದವಳು ಬೇರೆ ಮನೆ ಹುಡುಕತೊಡಗಿದಳು. ಊರಿನಿಂದ ಮೈದುನ ಫೋನು ಮಾಡಿ, "ಅತ್ತಿಗೆ, ಮನೆ ಮಾರ್ತಿದ್ದೀರಂತೆ, ನಮಗೊಂದು ಮಾತು ಹೇಳಬಾರದಿತ್ತೆ?" ಎಂದು ಮುನಿಸಿಕೊಂಡರು. ಗುರುತಿಲ್ಲದ ಇಬ್ಬರು ಗಂಡಸರು ಗೇಟು ತೆಗೆದು ಒಳಗೇ ಬಂದು, ಹೆಜ್ಜೆ ಹಾಕಿ ಜಾಗ ಅಳೆದರು. "ಕಟ್ಟಡಕ್ಕೇನೂ ಬೆಲೆ ಇಲ್ಲ, ಒಡೆಯೋದೇ. ಜಾಗಕ್ಕೆ ಮಾತ್ರ ರೇಟು" ಎಂದು ಅವರ ಎದುರಿಗೇ ಮಾತಾಡಿಕೊಂಡರು. ನಲವತ್ತು ವರ್ಷ ಗುಡಿಸಿ ಸಾರಿಸಿದ ಕಟ್ಟಡ ಅದು.

ಇಷ್ಟನ್ನೂ ಅಮ್ಮ ನಗುತ್ತಲೇ ಹೇಳಿದರು. ಕೊನೆಯದನ್ನು ಹೇಳುವಾಗ ಮಾತ್ರ ನಗಲಿಲ್ಲ. ಯಾರೋ ಸ್ನೇಹಿತರು ಆ ಬೋರ್ಡಿನ ಫೋಟೋ ತೆಗೆದು ಮಗನಿಗೆ ಕಳಿಸಿದ್ದರಂತೆ. ಅವನು ಅಂದು ರಾತ್ರಿ ಫೋನು ಮಾಡಿದ. "ಇದೇನಮ್ಮ, ಯಾರು ಹಾಕಿದ್ದು, ನೀನು ಹೆದರಿದೆಯಾ ಅಂತ ಕೇಳ್ತಾನೆ ಅಂದ್ಕೊಂಡಿದ್ದೆ ಟೀಚರ್. ಅವನು ಎಷ್ಟಕ್ಕೆ ಹೋಗುತ್ತಂತೆ ಅಂತ ರೇಟು ಕೇಳಿದ."

ಅದಕ್ಕೆ ನಾನು ಏನು ಹೇಳಲಿ? ಹುಡುಗ ಕೆಟ್ಟವನಲ್ಲ. ದಿನವೂ ತಾಯಿಗೆ ಫೋನು ಮಾಡುತ್ತಾನೆ, ಗುಳಿಗೆ ನುಂಗಿದೆಯಾ ಎಂದು ವಿಚಾರಿಸುತ್ತಾನೆ. ಆದರೆ ಆ ಮನೆಯಲ್ಲಿ ಅದುವರೆಗೆ ಯಾರೂ ಎತ್ತದ ಮಾತನ್ನು ಒಂದು ತಗಡು ಎತ್ತಿಬಿಟ್ಟಿತ್ತು.

ಬೋರ್ಡಿನಲ್ಲಿದ್ದ ನಂಬರಿಗೆ ನಾನೇ ಫೋನು ಮಾಡಿದೆ. ಇಂಥ ಬೋರ್ಡಿನಲ್ಲಿರುವ ಒಂದೇ ಅನುಕೂಲ ಇದು: ಕಳ್ಳನೇ ತನ್ನ ವಿಳಾಸ ಬಿಟ್ಟು ಹೋಗಿರುತ್ತಾನೆ. ಆ ಕಡೆಯವನು ಬಹಳ ವಿನಯದಿಂದ ಮಾತಾಡಿದ. "ಅದೇ ಮನೆ ಅಂತ ಎಲ್ಲಿ ಬರ್ದಿದೀವಿ ಮೇಡಂ? ಈ ಏರಿಯಾದಲ್ಲಿ ಮನೆ ಇದೆ ಅಂತ ಅಷ್ಟೆ." ಹಾಗಾದರೆ ಅವರ ಗೇಟಿಗೇ ಏಕೆ ಕಟ್ಟಿದಿರಿ ಎಂದೆ. ಒಂದು ಕ್ಷಣ ಸುಮ್ಮನಿದ್ದು, "ಒಬ್ರೇ ಇದಾರಲ್ವಾ ಮೇಡಂ, ಮಗ ಫಾರಿನ್‌ನಲ್ಲಿ. ಇವತ್ತಲ್ಲ ನಾಳೆ ಮಾರೋದೇ ತಾನೆ" ಎಂದ. ಗೇಟಿನ ಜಾಗ ಸುಮ್ಮನೆ ಸಿಕ್ಕಿದ್ದಲ್ಲ, ನೋಡಿ ಆರಿಸಿದ್ದು ಎಂಬುದು ಅಲ್ಲಿಗೆ ತಿಳಿಯಿತು. ಸಂಜೆ ಹುಡುಗನೊಬ್ಬ ಬಂದು ಬಿಚ್ಚಿಕೊಂಡು ಹೋದ. ಎಂಟೇ ದಿನದಲ್ಲಿ ಅದೇ ಗೇಟಿಗೆ ಬೇರೆಯವರ ಬೋರ್ಡು ಬಂತು.

ಆಗ ಕಾನೂನು ಹುಡುಕಿದೆ. ಕೈಲಾಗದ ಕೋಪಕ್ಕಿಂತ ಒಂದು ಹಾಳೆಯ ಅರ್ಜಿ ಮೇಲು. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1981ರಲ್ಲೇ ಬಂದಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಗೋಡೆ, ಬೇಲಿ, ಕಂಬ, ಮರ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರದಾದರೂ ಸರಿ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಅಲ್ಲಿ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸಾವಿರ ರೂಪಾಯಿ 1981ರಲ್ಲಿ ದೊಡ್ಡ ಮೊತ್ತವೇ. ಈಗ ಅದು ಬ್ರೋಕರಿಗೆ ಒಂದು ದಿನದ ಪೆಟ್ರೋಲು ಖರ್ಚು. ಆದರೂ ಬೋರ್ಡಿನ ಫೋಟೋ ಸಹಿತ ಪಾಲಿಕೆಯ ಕಚೇರಿಗೆ ಅರ್ಜಿ ಕೊಟ್ಟೆವು, ಅಮ್ಮನವರದೇ ಸಹಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಅವರು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟರು. ಆಮೇಲೆ ಬಂದ ಬ್ರೋಕರನಿಗೆ ಅದನ್ನು ಓದಿ ಹೇಳಿದ್ದೇ, ಅವನು ತಂತಿಯನ್ನೂ ಬಿಡದೆ ಬಿಚ್ಚಿಕೊಂಡು ಹೋದ. ದಂಡಕ್ಕಿಂತ ಕಾಗದಕ್ಕೆ ಹೆದರುವವರೇ ಹೆಚ್ಚು.

"ಈ ಸ್ವತ್ತು ಮಾರಾಟಕ್ಕಿಲ್ಲ ಅಂತ ನೀವೇ ಒಂದು ಬೋರ್ಡು ಹಾಕಿಬಿಡಿ" ಎಂದರು ನಮ್ಮ ಯಜಮಾನರು. ಖಾಲಿ ಸೈಟುಗಳ ಮೇಲೆ ಈ ಮಾತನ್ನು ನೀವೂ ಓದಿರುತ್ತೀರಿ. ಸುಳ್ಳು ಪತ್ರ ಮಾಡಿ ಇನ್ನೊಬ್ಬರ ಜಾಗ ಮಾರುವವರಿರುವುದರಿಂದ ಹಾಗೆ ಬರೆಸುತ್ತಾರೆ. ಆ ಭಯವಿದ್ದವರು ವರ್ಷಕ್ಕೊಮ್ಮೆ ತಮ್ಮ ಸ್ವತ್ತಿನ ಋಣಭಾರ ಪ್ರಮಾಣಪತ್ರ, ಅದೇ ನಾವು ಈಸಿ ಎನ್ನುತ್ತೇವಲ್ಲ, ಅದನ್ನು ತೆಗೆಸಿ ನೋಡುವುದು ಒಳ್ಳೆಯದು. ನೋಂದಣಿಯಾದ ವ್ಯವಹಾರ ಏನೇ ಇದ್ದರೂ ಅದರಲ್ಲಿ ಕಾಣುತ್ತದೆ. ಆದರೆ ವಾಸದ ಮನೆಗೆ ಅಂಥ ಬೋರ್ಡೇ? "ಏನೋ ವ್ಯಾಜ್ಯ ಇದೆ ಅಂದ್ಕೊಳ್ಳಲ್ವೆ ಜನ? ನನ್ನ ಮನೇಲಿ ನಾನಿದ್ದೀನಿ ಅನ್ನೋದಕ್ಕೆ ಅದನ್ನ ಯಾಕೆ ಬರೀಬೇಕು?" ಎಂದರು ಅಮ್ಮ.

ಮಾತು ನಿಜ. ಆಮೇಲೆ ಅವರೇ ಗೇಟಿನ ಕಡೆ ನೋಡಿದರು. ಅಲ್ಲಿ ಯಜಮಾನರ ಹೆಸರಿನ ಹಿತ್ತಾಳೆ ಫಲಕವಿತ್ತು, ಹುದ್ದೆಯ ಸಮೇತ. ಖಾತೆ ಅಮ್ಮನ ಹೆಸರಿಗಾಗಿತ್ತು, ಕಂದಾಯ ಅವರೇ ಕಟ್ಟುತ್ತಿದ್ದರು, ಕರೆಂಟು ಬಿಲ್ಲೂ ಅವರದೇ ಹೆಸರಿಗೆ ಬರುತ್ತಿತ್ತು. ಆದರೆ ಬೀದಿಯಲ್ಲಿ ನಿಂತು ಓದುವವನಿಗೆ ಕಾಣುತ್ತಿದ್ದದ್ದು ತೀರಿಹೋದವರ ಹೆಸರೊಂದೇ. ಒಳಗಿದ್ದವರ ಹೆಸರು ಎಲ್ಲಿಯೂ ಇರಲಿಲ್ಲ. ನಮ್ಮ ಬೀದಿಯ ಗೇಟುಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದೆ. ಹೆಂಗಸಿನ ಹೆಸರಿದ್ದದ್ದು ಎರಡರ ಮೇಲೆ, ಅದರಲ್ಲೊಬ್ಬರು ಡಾಕ್ಟರು. ಉಳಿದ ನಾವೆಲ್ಲ ದಿನ ಬೆಳಗಾದರೆ ಅದೇ ಗೇಟಿನ ಮುಂದೆ ಬಗ್ಗಿ ರಂಗೋಲಿ ಇಡುವವರು. ನಮ್ಮ ಬರಹ ನೆಲದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಸ್ಕೂಟರಿನ ಚಕ್ರ ಅದನ್ನು ಅಳಿಸಿರುತ್ತದೆ.

ಅಮ್ಮ ಕಪ್ಪು ಕಲ್ಲಿನ ಫಲಕವೊಂದನ್ನು ಕೆತ್ತಿಸಿದರು. ಮೇಲೆ ತಮ್ಮ ಹೆಸರು, ಕನ್ನಡದಲ್ಲಿ. ಹಿತ್ತಾಳೆಯದನ್ನು ತೆಗೆಸಲಿಲ್ಲ, ಅದರ ಕೆಳಗೇ ಕೂಡಿಸಿದರು. ಇದರಿಂದ ಬ್ರೋಕರುಗಳೇನೂ ಬೆದರಿ ಓಡಿಹೋಗಲಿಲ್ಲ. ಈಗಲೂ ತಿಂಗಳಿಗೊಂದು ತಗಡು ಮರಕ್ಕೆ ಬೀಳುತ್ತದೆ. ಅಮ್ಮ ಪೊರಕೆಯ ಪಕ್ಕದಲ್ಲಿ ಒಂದು ಇಕ್ಕಳ ಇಟ್ಟುಕೊಂಡಿದ್ದಾರೆ. ಕಿತ್ತ ತಗಡುಗಳಲ್ಲೊಂದು ಅವರ ನೀರಿನ ತೊಟ್ಟಿಗೆ ಒಳ್ಳೆಯ ಮುಚ್ಚಳವಾಗಿದೆ.

ಬ್ರೋಕರಿಗೂ ಹೊಟ್ಟೆಪಾಡಿದೆ, ಇಲ್ಲವೆನ್ನುವುದಿಲ್ಲ. ಮನೆ ಮಾರುವುದು ಪಾಪವೂ ಅಲ್ಲ. ಮಂಡಿ ನೋವು ಹೆಚ್ಚಿ, ಒಬ್ಬರೇ ಇರುವುದು ಸಾಕೆನಿಸಿ, ಅಮ್ಮ ಆ ಮನೆಯನ್ನು ಮಾರುವ ದಿನ ಬಂದರೂ ಬರಬಹುದು. ಅಂದು ಮಗನೊಂದಿಗೆ ಕೂತು ರೇಟಿನ ಮಾತಾಡಲಿ, ಬ್ರೋಕರನನ್ನೂ ತಾವೇ ಕರೆಸಲಿ, ಬೇಕಾದರೆ ಬೋರ್ಡನ್ನೂ ತಾವೇ ನಿಂತು ಕಟ್ಟಿಸಲಿ. ಅಲ್ಲಿಯವರೆಗೆ ಆ ಗೇಟಿನ ಮೇಲೆ ಅವರ ಹೆಸರಿದೆ. ಓದು ಬರುವವರು ಓದಿಕೊಳ್ಳಲಿ.