ಅರಿಶಿನ ಹತ್ತಿದ ದಾಖಲೆ

ಲಾಯರ್ ಮೇಡಂ ಅವರ ಕಚೇರಿ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮಹಡಿಯಲ್ಲಿ. ಅಕ್ಕನ ಮಗಳ ಜೊತೆ ಮೆಟ್ಟಿಲು ಹತ್ತುವಾಗ, "ಯಾಕಮ್ಮಾ, ಏನಾಯ್ತು?" ಅಂತ ಇವರೂ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಎರಡು ವರ್ಷದಿಂದ ಊರೆಲ್ಲ ಕೇಳಿದ್ದು ಅದನ್ನೇ. ಅವರು ಕೇಳಿದ್ದು ಬೇರೆ: "ಲಗ್ನಪತ್ರಿಕೆ ತಂದಿದ್ದೀಯಾ?"

ತಂದಿದ್ದಳು. ನಾಲ್ಕು ಮೂಲೆಗೂ ಹಚ್ಚಿದ್ದ ಅರಿಶಿನ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರೂ ಇತ್ತು. ಮೇಡಂ ದಾಖಲೆಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಅದನ್ನೇ ಬರೆದುಕೊಂಡರು; ಮದುವೆ ಫೋಟೋ, ನೋಂದಣಿ ಪತ್ರ, ಆಧಾರ್ ಎಲ್ಲ ಆಮೇಲೆ. ಬಿಡುಗಡೆ ಬೇಕಾದರೆ ಮೊದಲು ಕಟ್ಟಿಕೊಂಡದ್ದನ್ನು ತೋರಿಸಬೇಕು. ಸರಿಯೇ. ಆದರೂ ಆ ಪತ್ರಿಕೆ ಪ್ಲಾಸ್ಟಿಕ್ ಕವರಿನೊಳಗೆ ಹೋಗುವುದನ್ನು ನೋಡಿದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ವಾಪಸ್ ಎಳೆದುಕೊಂಡೆ.

*

ವಿಚ್ಛೇದನಕ್ಕೆ ಎಲ್ಲಿ ಕೇಸು ಹಾಕುವುದು? ಮದುವೆ ಆದದ್ದು ಧರ್ಮಸ್ಥಳದಲ್ಲಿ. ಸಂಸಾರ ಮಾಡಿದ್ದು ಬೆಂಗಳೂರಿನಲ್ಲಿ. ಹುಡುಗ ಈಗ ಇರುವುದು ಪುಣೆಯಲ್ಲಿ. ಇವಳು ಇಲ್ಲಿ, ತಾಯಿಯ ಮನೆಯಲ್ಲಿ. ಬೆಂಗಳೂರಿಗೇ ಹೋಗಬೇಕು, ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹಿಡಿಯಬೇಕು ಎಂದು ಅಕ್ಕ ತೀರ್ಮಾನಿಸಿಬಿಟ್ಟಿದ್ದಳು. ಆ ಖರ್ಚಿಗೂ ಅಲೆದಾಟಕ್ಕೂ ಹೆದರಿಯೇ ಎರಡು ವರ್ಷ ಸುಮ್ಮನಿದ್ದರು.

ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ಈ ನಾಲ್ಕರಲ್ಲಿ ಎಲ್ಲಿ ಬೇಕಾದರೂ ಹಾಕಬಹುದಂತೆ. ಹೆಂಡತಿ ಅರ್ಜಿದಾರಳಾದರೆ ಅವಳು ವಾಸವಿರುವ ಊರಿನ ಕೋರ್ಟು ಸಾಕು ಎಂದು 2003ರಲ್ಲಿ ತಿದ್ದುಪಡಿ ಬಂತು. 2003! ಇವಳು ಆಗ ಪ್ರೈಮರಿ ಶಾಲೆಯಲ್ಲಿದ್ದಳು. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತು.

*

ಕೇಸು ನಡೆಯುವುದು ಕೌಟುಂಬಿಕ ಕೋರ್ಟಿನಲ್ಲಿ. ಅದಕ್ಕೊಂದು ಕಾನೂನು: ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984. ಅದರ 13ನೇ ಕಲಂ ಓದಿ ತಬ್ಬಿಬ್ಬಾದೆ. ಈ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. ಬೇಕೆನಿಸಿದರೆ ನ್ಯಾಯಾಲಯವೇ ವಕೀಲರೊಬ್ಬರ ನೆರವು ಪಡೆಯಬಹುದು. ಆದರೆ ಕಾರಿಡಾರಿನ ತುಂಬ ಕರಿಕೋಟು.

ಮೇಡಂ ಅವರನ್ನೇ ಕೇಳಿದೆ. "ಗಂಡ ಹೆಂಡತಿ ನೇರ ಜಡ್ಜ್ ಮುಂದೆ ಕೂತು ಮಾತಾಡಲಿ ಅನ್ನೋದು ಆ ಕಾನೂನಿನ ಆಸೆ ಮೇಷ್ಟ್ರೇ. ಒಳ್ಳೇ ಆಸೆ. ಆದರೆ ಅರ್ಜಿ ಬರೆಯೋರು ಯಾರು? ಅದಕ್ಕೇ ಅನುಮತಿ ತಗೊಂಡು ವಕಾಲತ್ತು ಹಾಕ್ತೀವಿ," ಅಂದರು.

ಫೀಸು ಕೊಡಲಾಗದವರ ಗತಿ? ಅದಕ್ಕೂ ಬಾಗಿಲಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ಉಚಿತವಾಗಿ ವಕೀಲರನ್ನು ನೇಮಿಸುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, 1987ರ ಕಾಯ್ದೆಯಲ್ಲೇ ಹಾಗಿದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಈ ನಂಬರನ್ನು ಪ್ರತಿ ರೇಷನ್ ಅಂಗಡಿಯ ಗೋಡೆಗೂ ಬರೆಸಬೇಕು.

*

ಅರ್ಜಿ ಬರೆಸುವ ದಿನ. ನಾನು ಹೊರಗಿನ ಕುರ್ಚಿಯಲ್ಲಿ. ಬಾಗಿಲು ಅರ್ಧ ತೆರೆದಿತ್ತು.

ಹುಡುಗಿ ಹೇಳುತ್ತಿದ್ದಳು: ಹೊಡೆದಿಲ್ಲ, ಬೈದಿಲ್ಲ. ಹದಿನಾಲ್ಕು ತಿಂಗಳು ಮಾತೇ ಆಡಲಿಲ್ಲ. ಬಡಿಸಿದ್ದನ್ನು ತಿಂದು ತಟ್ಟೆ ಸಿಂಕಿನಲ್ಲಿಟ್ಟು ರೂಮಿಗೆ ಹೋಗುವುದು. ಸಾರಿಗೆ ಉಪ್ಪು ಹಾಕದೆ ಬಡಿಸಿದ್ದಳಂತೆ ಒಂದು ದಿನ, ಏನಾದರೂ ಅನ್ನಲಿ ಅಂತ. ಅದನ್ನೂ ತಿಂದು ಎದ್ದರಂತೆ.

ಕರಡಿನಲ್ಲಿ ಇದು 'ಮಾನಸಿಕ ಕ್ರೌರ್ಯ' ಆಯಿತು. ಓದಿ ಹುಡುಗಿ ಗಾಬರಿಯಾದಳು. "ಮೇಡಂ, ಅವರು ಕ್ರೂರಿ ಅಲ್ಲ."

"ಅಲ್ಲ ಇರಬಹುದಮ್ಮಾ. ಕಾನೂನಿನಲ್ಲಿ ಇದಕ್ಕೆ ಇರೋ ಹೆಸರು ಇದೊಂದೇ."

ಅವತ್ತಿನಿಂದ ಇದು ನನ್ನ ತಲೆ ಬಿಟ್ಟು ಹೋಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯಕ್ಕೆ ಬೇರೆ ವಾಸವಿರಲು ಮಾತ್ರ ಅನುಮತಿ ಸಿಗುತ್ತಿತ್ತು. ಅದು ವಿಚ್ಛೇದನಕ್ಕೇ ಕಾರಣವಾದದ್ದು 1976ರ ತಿದ್ದುಪಡಿಯಿಂದ. ಇಬ್ಬರೂ ಒಪ್ಪಿ ಬಿಡಿಸಿಕೊಳ್ಳುವ 13ಬಿ ಕಲಂ ಬಂದದ್ದೂ ಆಗಲೇ. ಆದರೆ ಒಬ್ಬರು ಒಪ್ಪದಿದ್ದರೆ, 'ಈ ಮದುವೆಯಲ್ಲಿ ಜೀವ ಉಳಿದಿಲ್ಲ' ಎಂಬಷ್ಟೇ ಕಾರಣ ಜಿಲ್ಲೆಯ ಕೋರ್ಟಿನಲ್ಲಿ ಇವತ್ತಿಗೂ ಸಾಲದು. ಅಷ್ಟಕ್ಕೇ ಬಿಡುಗಡೆ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗಿದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ದೆಹಲಿಯವರೆಗೆ ಹೋಗಲಾಗದವರು ಇಲ್ಲಿ ಒಬ್ಬರನ್ನೊಬ್ಬರು ಕ್ರೂರಿಗಳೆಂದು ಬರೆಯಲೇಬೇಕೇ? ಆ ಕಾಗದ ಓದಿದ ಮೇಲೆ ಉಳಿದ ಮರ್ಯಾದೆಯೂ ಉಳಿಯುತ್ತದೆಯೇ?

*

ಕೋರ್ಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಮಗನ ಕೇಸಿಗೆ ಬಂದಿದ್ದರು. "ಸೊಸೆ ಮನೆಗೆ ಬರಲಿ ಅಂತ ಹಾಕಿರೋದು," ಅಂದರು. ವಿವಾಹ ಕಾಯ್ದೆಯ 9ನೇ ಕಲಂ, ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ. ಡಿಕ್ರಿ ಸಿಕ್ಕರೆ ಅವಳನ್ನು ಕರೆತರುವವರು ಯಾರು? ಯಾರೂ ಇಲ್ಲ, ಕೈಹಿಡಿದು ಎಳೆತರುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ. ಡಿಕ್ರಿಯಾಗಿ ಒಂದು ವರ್ಷ ಇಬ್ಬರೂ ಕೂಡಿ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. 'ಬಾ' ಎಂದು ಬರೆದ ಬಾಗಿಲು 'ಹೋಗು' ಎನ್ನುವ ಕಡೆಗೂ ತೆರೆಯುತ್ತದೆ. ಆ ಹಿರಿಯರಿಗೆ ಇದನ್ನು ಯಾರಾದರೂ ಹೇಳಿದ್ದಾರೋ ಇಲ್ಲವೋ. ನನಗೆ ಬಾಯಿ ಬರಲಿಲ್ಲ.

*

ಮೂರನೆಯ ವಾಯಿದೆ. ನೋಟಿಸ್ ವಾಪಸ್. ಲಕೋಟೆಯ ಮೇಲೆ 'ಬಾಗಿಲು ಹಾಕಿದೆ' ಎಂಬ ಷರಾ.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ 60 ದಿನಗಳಲ್ಲಿ ತೀರ್ಮಾನಿಸಬೇಕು ಎಂದು ವಿವಾಹ ಕಾಯ್ದೆಯ 24ನೇ ಕಲಂನಲ್ಲಿದೆ. ನಾವು ಅರ್ಜಿ ಹಾಕಿ ಐದು ತಿಂಗಳಾಯಿತಲ್ಲ ಎಂದರೆ, ಆ 60 ದಿನದ ಎಣಿಕೆ ನೋಟಿಸ್ ಜಾರಿಯಾದ ದಿನದಿಂದ. ಇನ್ನೂ ಒಂದನೇ ದಿನವೇ ಶುರುವಾಗಿಲ್ಲ. ಕಷ್ಟ ಅಡಗಿ ಕೂತಿರುವುದು ಇಲ್ಲಿ. ನಾವೆಲ್ಲ ವಾದ, ಪಾಟೀಸವಾಲು ಎಂದು ಹೆದರುತ್ತೇವೆ. ವರ್ಷ ತಿನ್ನುವುದು ಒಂದು ಲಕೋಟೆ.

ಮೇಡಂ ಹಳೆಯ ಸಂಬಳದ ಚೀಟಿಯಲ್ಲಿ ಹುಡುಗನ ಕಚೇರಿಯ ವಿಳಾಸ ಹುಡುಕಿ ಅಲ್ಲಿಗೆ ನೋಟಿಸ್ ಕಳಿಸಲು ಅರ್ಜಿ ಹಾಕಿದರು. ಹನ್ನೊಂದು ದಿನಕ್ಕೆ ಸಹಿ ಬಿತ್ತು. ಇನ್ನೂ ಒಂದು ಧೈರ್ಯ ಹೇಳಿದರು: 2020ರ ರಜನೀಶ್–ನೇಹಾ ತೀರ್ಪಿನ ಪ್ರಕಾರ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ನೋಟಿಸ್ ತಪ್ಪಿಸಿಕೊಂಡವರಿಗೆ ಲಾಭವಿಲ್ಲ. ಇಬ್ಬರೂ ತಮ್ಮ ಆದಾಯ, ಸಾಲ, ಆಸ್ತಿಯ ಪ್ರಮಾಣಪತ್ರವನ್ನೂ ಕೊಡಬೇಕು. ಹುಡುಗಿ ತನ್ನ ಟ್ಯೂಷನ್ ದುಡ್ಡು ಆರು ಸಾವಿರವನ್ನೂ ಬರೆದಳು. ಅಕ್ಕ ಬೇಡವೆಂದಳು. ಮೇಡಂ ಬರೆಯಲೇಬೇಕು ಎಂದರು.

*

ಇನ್ನೊಂದು ವಾಯಿದೆಯ ದಿನ ನಮ್ಮ ಕೇಸು ಕರೆಯುವಾಗ ಮಧ್ಯಾಹ್ನ ಮೂರೂವರೆ. ಅಷ್ಟು ಹೊತ್ತು ಕಣ್ಣು ಹೋದದ್ದು ಬೇವಿನ ಮರದ ಕಟ್ಟೆಯ ಕಡೆಗೆ. ಒಬ್ಬ ತಂದೆ, ಆರು ವರ್ಷದ ಮಗಳು. ಭೇಟಿಗೆ ಕೋರ್ಟು ಕೊಟ್ಟ ಒಂದು ಗಂಟೆ. ಹತ್ತು ಹೆಜ್ಜೆ ಆಚೆ ತಾಯಿ, ಮುಖ ಗೇಟಿನ ಕಡೆ. ತಂದೆ ಕಿತ್ತಳೆ ಸುಲಿಯುತ್ತಿದ್ದ. ಪ್ರತಿ ತೊಳೆಯ ನಾರು ಬಿಡಿಸಿ, ಬೀಜ ತೆಗೆದು ಮಗುವಿನ ಅಂಗೈಗೆ ಇಡುತ್ತಿದ್ದ. ಮಗು ಬಾಯಿಗೆ ಹಾಕುವ ಮುಂಚೆ ಪ್ರತಿ ಸಲವೂ ತಾಯಿಯ ಕಡೆ ನೋಡುತ್ತಿತ್ತು. ನಾಲ್ಕೈದು ತೊಳೆ ಆದ ಮೇಲೆ ತಾಯಿ, ಮುಖ ತಿರುಗಿಸದೆಯೇ, ತಿನ್ನು ಎಂದು ತಲೆ ಆಡಿಸಿದಳು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಅಪ್ರಾಪ್ತವಯಸ್ಕರ ಕಾಯ್ದೆ ಹೇಳುತ್ತದೆ. ಐದಾದ ಮೇಲೂ ಮಗುವಿನ ಹಿತವೇ ಮುಖ್ಯ. ಹಿತ ಎಂದರೆ ಏನೆಂದು ನಾನು ಕಂಡದ್ದು ಆ ತಾಯಿ ತಲೆ ಆಡಿಸಿದ್ದರಲ್ಲಿ.

*

ಮಧ್ಯಸ್ಥಿಕೆ. ರಾಜಿಗೆ ಪ್ರಯತ್ನಿಸುವುದು 9ನೇ ಕಲಂ ಪ್ರಕಾರ ಕೌಟುಂಬಿಕ ಕೋರ್ಟಿನ ಕರ್ತವ್ಯ (ಇದು 1984ರ ಕಾಯ್ದೆಯ 9, ನನಗೆ ಎರಡೂ ಗೊಂದಲವಾಗಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ). ರಾಜಿ ಎಂದರೆ ಮತ್ತೆ ಒಂದಾಗುವುದು ಎಂದೇ ತಿಳಿದಿದ್ದೆ. ಲೋಕ ಅದಾಲತ್‌ನಲ್ಲಿ ಹಾರ ಬದಲಾಯಿಸಿದ ದಂಪತಿಗಳ ಫೋಟೋ ಪೇಪರಿನಲ್ಲಿ ನೋಡಿ ನೋಡಿ ಹಾಗಾಗಿದೆ. ಬೈಗುಳವಿಲ್ಲದೆ ಬೇರೆಯಾಗುವುದೂ ರಾಜಿಯೇ. ಅದಕ್ಕೆ ಫೋಟೋ ಇಲ್ಲ.

ನಾಲ್ಕು ಸಲ ಕೂತರು. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬ ಭರವಸೆ ಇದ್ದದ್ದಕ್ಕೋ ಏನೋ, ಹುಡುಗ ಅಲ್ಲಿ ಬಾಯಿಬಿಟ್ಟನಂತೆ. ಏನೆಂದನೋ ಹುಡುಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದನೇ ಸಲಕ್ಕೆ ಕ್ರೌರ್ಯದ ಅರ್ಜಿ ಹೋಗಿ 13ಬಿ ಅಡಿ ಜಂಟಿ ಅರ್ಜಿ ಬಂತು.

ಈ ಕಲಂನಲ್ಲಿ ಎರಡು ಹಂತದ ನಡುವೆ ಆರು ತಿಂಗಳು ಕಾಯಬೇಕು. ಆದರೆ ಬಹುಕಾಲ ಬೇರೆಯಿದ್ದು, ಜೀವನಾಂಶ ಎಲ್ಲ ತೀರ್ಮಾನವಾಗಿ, ಒಂದಾಗುವ ದಾರಿಯೇ ಇಲ್ಲ ಎನಿಸಿದರೆ ಅದನ್ನು ಕೈಬಿಡಬಹುದು ಎಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಮೇಡಂ ಅದಕ್ಕೂ ಒಂದು ಅರ್ಜಿ ಹಾಕಿದರು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, 1991ರಿಂದಲೂ ಇದೇ ಕಾನೂನು. ಆ ರಾತ್ರಿ ಅಕ್ಕನಿಗೆ ನಿದ್ದೆ ಬರಲಿಲ್ಲ.

*

ಕೊನೆಯ ದಿನ ನನ್ನನ್ನು ಒಳಗೆ ಬಿಡಲಿಲ್ಲ. ವಿಚಾರಣೆ ಗೋಪ್ಯ, ಹಾಗಿರಬೇಕಾದದ್ದೇ. ಆದರೆ ಜವಾನ ಇಬ್ಬರ ಹೆಸರನ್ನೂ ಮೂರು ಸಲ ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದ್ದೇಕೆ? ನಂಬರ್ ಕೂಗಿದ್ದರೆ ಸಾಕಿತ್ತು.

ಹುಡುಗಿ ಹೊರಗೆ ಬಂದಾಗ ಗಡಿಯಾರ ನೋಡಿದೆ. ಏಳು ನಿಮಿಷ. "ಯಾರ ಬಲವಂತವೂ ಇಲ್ಲ ತಾನೇ ಅಂತ ಕೇಳಿದರು ಮಾವ. ಇಲ್ಲ ಅಂದೆ."

*

ಒಪ್ಪಂದದ ಪ್ರಕಾರ ಮರುದಿನ ಸಾಮಾನು ಬಂತು. ಲಗೇಜ್ ಆಟೋ ಮೇಡಂ ಕಚೇರಿಯ ಕೆಳಗೇ ನಿಂತಿತು. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟದ್ದು ಅವಳದೇ, ಗಂಡನ ಮನೆಯವರು ಬರೀ ಕಾಪಾಡಿಕೊಂಡಿರುವವರು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಆದರೂ ಪಟ್ಟಿ ಇಲ್ಲದಿದ್ದರೆ ಯಾರು ಕೇಳಿ ಪಡೆಯುತ್ತಿದ್ದರು? ಅಕ್ಕ ನೋಟ್‌ಬುಕ್ಕಿನಲ್ಲಿ ಮದುವೆಯ ವಾರವೇ ಬರೆದಿಟ್ಟಿದ್ದಳು.

ಮೇಡಂ ಓದಿದರು, ಹುಡುಗಿ ಪಾತ್ರೆ ತಿರುಗಿಸಿ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಹೆಸರು ಓದಿದಳು. ದೊಡ್ಡಮ್ಮನ ಕೊಳಗ. ಶಾಲೆಯ ಗೆಳತಿಯರ ಕುಕ್ಕರ್. ನನ್ನ ಹಿತ್ತಾಳೆ ತಪ್ಪಲೆ, ಒಳಗೆ ಕಲಾಯಿ ಹಾಗೇ ಇತ್ತು, ಒಲೆ ಕಂಡ ಗುರುತಿಲ್ಲ. ಹಾಲಿನ ತಂಬಿಗೆಯೊಂದು ಸಿಗಲಿಲ್ಲ.

"ಬಿಡಿ ಮೇಡಂ, ಒಂದು ತಂಬಿಗೆ ತಾನೇ."

"ಬಿಡೋದಾದರೆ ಬಿಡು. ಆದರೆ ಎಲ್ಲಾ ಬಂತು ಅಂತ ಸಹಿ ಹಾಕಬೇಡ. ತಂಬಿಗೆ ಬಂದಿಲ್ಲ ಅಂತ ಬರೆದು ಆಮೇಲೆ ಹಾಕು," ಎಂದು ಪೆನ್ನು ಕೊಟ್ಟರು.

ಬರೆದಳು. ಆಟೋದವನು ಎರಡನೇ ಸಲ ಹಾರ್ನ್ ಮಾಡಿದ. ನಾನು ತಪ್ಪಲೆ ಎತ್ತಿಕೊಂಡೆ.