ಬೆಳಕು ಯಾವ ಕಡೆ ವಾಲಿದೆ

ಆಕಾಶದ ವಿಷಯ ಎತ್ತಿದರೆ ನಮ್ಮವರೇ ನಗುತ್ತಾರೆ. ‘ಅದ್ಯಾಕ್ಲಾ ಮೊಗ ನಮ್ಗ? ಅನ್ನ ಕೊಟ್ಟದಾ ಅದು?’ ಎಂದು ಗುಂಡ್ಲುಪೇಟೆ ಕಡೆಯ ನಮ್ಮ ಕೇರಿಯ ಅಜ್ಜಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಪಂಚಾಂಗ ಹಿಡಿದವರು ಇಷ್ಟು ಕಾಲ ಆಕಾಶವನ್ನು ತಮ್ಮ ಖಾತೆಯ ಹೊಲ ಮಾಡಿಕೊಂಡು ಉತ್ತರು. ಆ ಹೊಲಕ್ಕೆ ನಾವೂ ಕಾಲಿಡುತ್ತೇವೆ.

1973ನೇ ಇಸವಿ ನೋಡಿ. ಬಂಡೀಪುರ ಹುಲಿ ಯೋಜನೆಗೆ ಸೇರಿದ ವರ್ಷ. ಕಾಡಿನ ಹಾಡಿಗಳಲ್ಲಿದ್ದ ಜೇನುಕುರುಬರಿಗೆ ಕಾಡು ಪರರದಾಯಿತು. ಅದೇ ವರ್ಷ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಮಾತಾಡಿದರು. ಹಾಸ್ಟೆಲುಗಳಲ್ಲಿದ್ದ ನಮ್ಮ ಅಣ್ಣಂದಿರು ಏಟು ತಿಂದರು. ಅದೇ ವರ್ಷವೇ ಗಾಮಾ ಸ್ಫೋಟದ ಸುದ್ದಿ ಜಗತ್ತಿಗೆ ತಿಳಿದದ್ದು. ರಷ್ಯನ್ನರು ಕದ್ದು ಬಾಂಬು ಸಿಡಿಸುತ್ತಾರೇನೋ ಎಂದು ಕಾಯಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ 1967ರಲ್ಲಿ ಸಿಕ್ಕಿದ್ದು ಬಾಂಬಲ್ಲ, ದೂರದ ಆಕಾಶದಿಂದ ಬಂದ ಗಾಮಾ ಕಿರಣದ ಮಿಂಚು. ಹೇಳಲು ಆರು ವರ್ಷ ಹಿಡಿಯಿತು. ದೊಡ್ಡ ನಕ್ಷತ್ರವೊಂದು ತನ್ನೊಳಗೇ ಕುಸಿದಾಗಲೋ, ಎರಡು ನ್ಯೂಟ್ರಾನ್ ನಕ್ಷತ್ರಗಳು ಢಿಕ್ಕಿಯಾದಾಗಲೋ ಇದು ಹುಟ್ಟುತ್ತದೆ. ಕೆಲವೇ ಸೆಕೆಂಡು, ಮುಗಿಯಿತು.

ಈ ಬೆಳಕಿನ ಅಲೆ ಯಾವ ದಿಕ್ಕಿಗೆ ತುಯ್ಯುತ್ತದೆ ಎಂಬುದೇ ಧ್ರುವೀಕರಣದ ಪ್ರಶ್ನೆ. ಕಿಟಕಿಯ ಕಂಬಿಗಳ ನಡುವೆ ಹಗ್ಗ ಹಾಯಿಸಿ ಕುಲುಕಿ. ಮೇಲೆ ಕೆಳಗೆ ಕುಲುಕಿದರೆ ಅಲೆ ದಾಟುತ್ತದೆ, ಅಡ್ಡಡ್ಡ ಕುಲುಕಿದರೆ ಕಂಬಿ ತಡೆಯುತ್ತದೆ. ಗಾಮಾ ಕಿರಣಕ್ಕೆ ಅಂಥ ಕಂಬಿಯಿಲ್ಲ, ಅಂಥವನ್ನು ತೂರಿಕೊಂಡು ಹೋಗುತ್ತದೆ. ಹಾಗಾಗಿ ಅದು ಎಡವಿದಾಗ ಯಾವ ಕಡೆ ಸಿಡಿಯಿತು ಎಂದು ಎಣಿಸಬೇಕು. ಎಲೆಕ್ಟ್ರಾನಿಗೆ ಬಡಿದ ಕಿರಣ ತನ್ನ ತುಯ್ತಕ್ಕೆ ಅಡ್ಡಲಾಗಿಯೇ ಹೆಚ್ಚು ಸಿಡಿಯುತ್ತದೆ.

2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಮಾಡಿದ್ದು ಇದನ್ನೇ. ಉಪಗ್ರಹ ಜೋಡಣೆಯಾದದ್ದು ಬೆಂಗಳೂರಿನಲ್ಲಿ. ಅದರ ಮಾಹಿತಿ ಇಳಿದದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿಗೆ. ಅದರಲ್ಲಿ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಿನ ಒಂದು ಉಪಕರಣ, ಚೌಕಾಬಾರದ ಮನೆಗಳ ಹಾಗೆ 16,384 ಮನೆ, ಒಂದೊಂದೂ ಎರಡೂವರೆ ಮಿಲಿಮೀಟರ್. ಕಿರಣ ಒಂದು ಮನೆಯಲ್ಲಿ ಎಡವಿ ಪಕ್ಕದ ಮನೆಯಲ್ಲಿ ಬೀಳುತ್ತದೆ. ಸುತ್ತಲ ಎಂಟು ಮನೆಗಳಲ್ಲಿ ಎಲ್ಲಿ ಎಷ್ಟು ಬಿದ್ದವು ಎಂಬುದೇ ಲೆಕ್ಕ.

ಇಲ್ಲೊಂದು ಮಾತಿದೆ. ಪಕ್ಕದ ನಾಲ್ಕು ಮನೆಗಳಿಗೆ ನಡುಮನೆಯ ಇಡೀ ಗೋಡೆ ತಾಗಿದೆ, ಮೂಲೆಯ ನಾಲ್ಕಕ್ಕೆ ತುದಿ ಮಾತ್ರ. ಯಾವ ಕಡೆಗೂ ವಾಲದ ಬೆಳಕು ಬಂದರೂ ಮೂಲೆಮನೆಗೆ ಕಡಿಮೆಯೇ ಬೀಳುತ್ತದೆ. (ಮೂಲೆಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಆದ್ದರಿಂದ ವಿಜ್ಞಾನಿಗಳು ಮೊದಲು ವಾಲದ ಬೆಳಕನ್ನು ಕಂಪ್ಯೂಟರಿನಲ್ಲಿ ಹಾಯಿಸಿ, ಯಂತ್ರವೇ ಎಷ್ಟು ಪಕ್ಷಪಾತ ಮಾಡುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ತೆಗೆದ ಮೇಲೆ ಬೆಳಕಿನ ಮಾತಿಗೆ ಬರುತ್ತಾರೆ. ಉಪಗ್ರಹದ ಮೈಗೆ ತಗುಲಿ ಅಡ್ಡದಾರಿಯಲ್ಲಿ ಬಂದ ಕಿರಣಗಳ ಲೆಕ್ಕವೂ ಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮ ಊರು, ಹಾಸ್ಟೆಲು, ಅಪ್ಪನ ಕಸುಬು ಕೇಳಿದ ಮೇಲೆ ಅಂಕ ಬರೆದ ಮೇಷ್ಟರನ್ನು ನಾವು ಕಂಡಿದ್ದೇವೆ. ಆ ಕೈಯ ವಾಲಿಕೆಯನ್ನು ಯಾರೂ ಕಳೆಯಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಅದು ನಮ್ಮ ದಡ್ಡತನವೆಂದೇ ಕೂತಿದೆ.

ಮೊದಲ ವರ್ಷದ 11 ಸ್ಫೋಟಗಳನ್ನು ಅಳೆದು, ಬಹುಪಾಲು ಬಲವಾಗಿ ವಾಲಿವೆ ಎಂದು 2019ರಲ್ಲಿ ಬರೆದರು. ಐದು ವರ್ಷದ 20 ಸ್ಫೋಟಗಳನ್ನು ಇನ್ನೂ ಬಿಗಿಯಾಗಿ ಅಳೆದು 2022ರಲ್ಲಿ, ಇಡೀ ಸ್ಫೋಟವನ್ನು ಕೂಡಿಸಿ ನೋಡಿದರೆ ಹೆಚ್ಚಿನವಕ್ಕೆ ವಾಲಿಕೆ ಕಾಣುವುದಿಲ್ಲ ಎಂದು ತಾವೇ ಬರೆದರು. ಬರೆದದ್ದನ್ನು ತಾವೇ ತಿದ್ದಿದರು, ಯಾರ ತಲೆಯೂ ಹೋಗಲಿಲ್ಲ. ಶಾಸ್ತ್ರ ಪುರಾಣದವರಲ್ಲಿ ಇಂಥದ್ದನ್ನು ನಾವು ಕಾಣೆವು.

ಹಾಗಾದರೆ ವಾಲಿಕೆಯೇ ಇಲ್ಲವೆ? 2016ರ ಆಗಸ್ಟ್ 21ರ ಸ್ಫೋಟವೊಂದನ್ನು ಹೋಳು ಮಾಡಿ ನೋಡಿದ್ದರು. ಪ್ರತಿ ಹೋಳಿನಲ್ಲೂ ವಾಲಿಕೆ ಬಲವಾಗಿತ್ತು, ಆದರೆ ನಡುವೆ ಎರಡು ಸಲ ಸುಮಾರು 80 ಡಿಗ್ರಿ ತಿರುಗಿತ್ತು. ಕೂಡಿಸಿದಾಗ ಒಂದನ್ನೊಂದು ತಿಂದು ಅಂಕಿ ಸಣ್ಣದಾಗಿತ್ತು. ಕಿರಣ ಚಿಮ್ಮುವ ಜಾಗದಲ್ಲಿ ಕಾಂತಕ್ಷೇತ್ರ ಸಾಲಾಗಿ ನಿಂತಿತ್ತು ಎಂಬುದಕ್ಕೆ ಇದು ಸಾಕ್ಷಿ ಎಂದು ಬರೆದರು. ಸರಾಸರಿ ತೆಗೆದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ. ತಾಲ್ಲೂಕಿನ ಸರಾಸರಿ ಹೇಳಿ ಕೇರಿಯ ನಲ್ಲಿ ಮರೆಸುವ ಆಫೀಸಿನವರಿಗೂ ಈ ಸಂಗತಿ ಗೊತ್ತಿರಬೇಕು.

ಗಾಮಾ ಕಿರಣವನ್ನು ವಾತಾವರಣ ನುಂಗುತ್ತದೆ, ನೆಲಕ್ಕೆ ಬರುವುದಿಲ್ಲ. ಆದರೆ ಬಾನಿನ ನೀಲಿಯೂ ವಾಲಿದ ಬೆಳಕೇ. ಜೇನುನೊಣ ಅದನ್ನು ಓದಿ ದಾರಿ ಹಿಡಿಯುತ್ತದೆಂದು ಕಾರ್ಲ್ ಫಾನ್ ಫ್ರಿಶ್ ತೋರಿಸಿಕೊಟ್ಟರು. ಆ ನೊಣದ ಹಿಂದೆ ಮರ ಹತ್ತಿದವರ ಮಕ್ಕಳು ಈಗ ಕಾಡಂಚಿನ ಕಾಲೊನಿಗಳಲ್ಲಿದ್ದಾರೆ. ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು: ಒಂದು ತುಂಡು ಪೋಲರಾಯ್ಡ್ ಗಾಜು ತನ್ನಿ. ಹೊತ್ತು ಮುಳುಗುವಾಗ ಅದನ್ನು ಕಣ್ಣಿಗೆ ಹಿಡಿದು ನೆತ್ತಿಯ ಮೇಲಿನ ಆಕಾಶ ನೋಡುತ್ತ ಮೆಲ್ಲಗೆ ತಿರುಗಿಸಲು ಹೇಳಿ. ಒಂದು ಕಡೆ ನೀಲಿ ಕಪ್ಪಾಗುತ್ತದೆ, ಇನ್ನೊಂದು ಕಡೆ ತಿಳಿಯಾಗುತ್ತದೆ. ಯಾವ ಕಡೆ ಎಂದು ಮಕ್ಕಳೇ ಹೇಳಲಿ.